ಕಿತ್ತುಹೋದ ರಸ್ತೆಗೆ ಸಹಿ ಹಾಕಿದವರನ್ನು ಹುಡುಕುವುದು ಹೇಗೆ?

ಮೊದಲ ಮಳೆಗೇ ರಸ್ತೆ ಕಿತ್ತುಹೋದರೆ ಸಾಮಾನ್ಯವಾಗಿ ಏನು ಮಾಡುತ್ತೇವೆ? ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಇಲಾಖೆಗೆ ಬೈದು ಸುಮ್ಮನಾಗುತ್ತೇವೆ. ಸಿಟ್ಟು ಬರುವುದು ಸಹಜ. ಆದರೆ ಇಲಾಖೆಗೆ ಬೈದರೆ ಅಲ್ಲಿ ಯಾರಿಗೂ ತಾಗುವುದಿಲ್ಲ. 'ಕೆಲಸ ಸರಿಯಾಗಿದೆ' ಎಂದು ಬರೆದುಕೊಟ್ಟ ಅಧಿಕಾರಿ ಇದ್ದೇ ಇರುತ್ತಾರೆ. ಅವರ ಸಹಿ ಇರುವ ಕಾಗದ ಮೊದಲು ನಿಮ್ಮ ಕೈಗೆ ಬರಬೇಕು.

ರಸ್ತೆ, ಚರಂಡಿ, ಮೋರಿ ಇಂಥ ಕಾಮಗಾರಿಗಳಲ್ಲಿ ಆ ಕಾಗದ ಎಂ.ಬಿ., ಅಂದರೆ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಎಂಜಿನಿಯರ್ ಅದರಲ್ಲಿ ಬರೆಯುತ್ತಾರೆ, ಮೇಲಿನವರು ನೋಡಿ ಸಹಿ ಹಾಕುತ್ತಾರೆ, ಆಮೇಲೆ ಬಿಲ್ ಪಾಸಾಗುತ್ತದೆ. ನಮ್ಮ ಬೀದಿಯ ರಸ್ತೆಯ ಎಂ.ಬಿ. ನಕಲು ಸಿಕ್ಕಿದ ದಿನ ಟೇಪು ಹಿಡಿದು ಹೋದೆ. ಪುಸ್ತಕದಲ್ಲಿ ಕಾಂಕ್ರೀಟ್ 15 ಸೆಂಟಿಮೀಟರ್. ಅಂಚು ಒಡೆದ ಕಡೆ ಅಳೆದರೆ 9. ಟೇಪಿನ ಸಮೇತ ಫೋಟೊ ತೆಗೆದು ನಕಲಿನ ಜೊತೆ ಮೇಜಿನ ಮೇಲಿಟ್ಟೆ. ಅಲ್ಲಿಯವರೆಗೆ ಕೂತ್ಕೊಳ್ಳಿ ಅಂತಲೂ ಹೇಳದಿದ್ದ ಕಚೇರಿಯಲ್ಲಿ ಆವತ್ತು ಕಡತ ತರಿಸಿದರು.

ಈ ನಕಲು ಪಡೆಯಲು ಇರುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸುಮಾರು 150 ಪದದೊಳಗೆ. ಹಾಗಾಗಿ ಊರಿನ ಕಷ್ಟವನ್ನೆಲ್ಲ ಒಂದೇ ಅರ್ಜಿಯಲ್ಲಿ ತುಂಬಬೇಡಿ. 'ರಸ್ತೆ ಯಾಕೆ ಕಳಪೆಯಾಗಿದೆ' ಎಂದು ಕೇಳಲೇಬೇಡಿ, ಕಾರಣ ಹೇಳುವುದು ನಮ್ಮ ಕೆಲಸವಲ್ಲ ಎಂದು ಹಿಂಬರಹ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಎಂ.ಬಿ., ಬಿಲ್, ಗುಣಮಟ್ಟ ಪರೀಕ್ಷೆಯ ವರದಿ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ. ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯಲು ಕೂಡ ಇದೇ ಕಾಯ್ದೆಯಲ್ಲಿ ಹಕ್ಕಿದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಬೇಜಾರಾಗುತ್ತದೆ.

ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ದಂಡ ಬೀಳುವುದು ಕಚೇರಿಗಲ್ಲ, ಮಾಹಿತಿ ಅಧಿಕಾರಿಯ ಮೇಲೆ. ಆಯೋಗದಲ್ಲಿ ವಿಚಾರಣೆ ತುಂಬ ತಡವಾಗುತ್ತದೆ ನಿಜ, ಆದರೂ ಬಿಡಬೇಡಿ.

ದಾಖಲೆ ಸಿಕ್ಕ ಮೇಲೆ ಮೊದಲು ಗುತ್ತಿಗೆ ಕರಾರು ತೆಗೆದು ನೋಡಿ. ಗುತ್ತಿಗೆದಾರ ತನ್ನ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕಾದ ಅವಧಿ ಅದರಲ್ಲಿ ಬರೆದಿರುತ್ತದೆ. ಅದು ಮುಗಿದಿಲ್ಲವಾದರೆ ಕಾರ್ಯಪಾಲಕ ಎಂಜಿನಿಯರ್‌ಗೆ ಬರೆದು, ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟಿದ್ದೀರಾ, ಭದ್ರತಾ ಠೇವಣಿ ತಡೆಹಿಡಿದಿದ್ದೀರಾ ಎಂದು ಕೇಳಿ. ರಸ್ತೆ ಸರಿಯಾಗಲು ಇದೇ ಹತ್ತಿರದ ದಾರಿ.

ಆದರೆ ಸುಳ್ಳು ಅಳತೆ ಬರೆದವರು ಉತ್ತರ ಕೊಡಬೇಡವೇ? ಅದಕ್ಕೆ ಲೋಕಾಯುಕ್ತ ಇದೆ. ನಿಗದಿತ ನಮೂನೆಯಲ್ಲಿ ದೂರು, ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್. ಎಂ.ಬಿ. ನಕಲು, ನಿಮ್ಮ ಅಳತೆ, ಫೋಟೊ, ತಾರೀಖು, ಇಷ್ಟನ್ನು ಕ್ರಮವಾಗಿ ಜೋಡಿಸಿ. ಯಾರೋ ಹೇಳಿದ ಲಂಚದ ಕಥೆ ಸೇರಿಸಬೇಡಿ. ಸುಳ್ಳು ದೂರು ಕೊಟ್ಟವರಿಗೂ ಶಿಕ್ಷೆ ಇದೆ. ಅದಕ್ಕಿಂತ ಮುಖ್ಯವಾಗಿ, ಗಟ್ಟಿ ಇರುವ ದೂರು ಆ ಒಂದು ಮಾತಿನಿಂದ ಸಡಿಲವಾಗುತ್ತದೆ.

ತಡವಂತೂ ಮಾಡಬೇಡಿ. ಐದು ವರ್ಷ ದಾಟಿದ ಆರೋಪವನ್ನು ಲೋಕಾಯುಕ್ತ ಕಾಯ್ದೆಯಡಿ ತನಿಖೆಗೆ ತೆಗೆದುಕೊಳ್ಳುವುದಿಲ್ಲ. ಅಧಿಕಾರಿ ನಿವೃತ್ತರಾಗಿದ್ದರೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗೆ ಹೊಸದಾಗಿ ಇಲಾಖಾ ವಿಚಾರಣೆಯನ್ನೂ ಶುರು ಮಾಡುವಂತಿಲ್ಲ. ಎಷ್ಟೋ ಕಡತಗಳು ಕಪಾಟಿನಲ್ಲೇ ಕೂತು ಈ ಗಡುವು ದಾಟಿಬಿಡುತ್ತವೆ. ಅದಕ್ಕೇ ಅರ್ಜಿ ಕೊಟ್ಟು ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತನೇ ದಿನಕ್ಕೆ ಒಂದು ಗುರುತು ಹಾಕಿಬಿಡಿ.