ವರ್ಷಕ್ಕೆ 12 ಬಾಡಿಗೆ ಬರುವುದಿಲ್ಲ: ಎರಡು ಮನೆ ಬಾಡಿಗೆಗೆ ಕೊಟ್ಟ ನನ್ನ ಅನುಭವ

ಬಾಡಿಗೆಗೆ ಕೊಡಬೇಕು ಅಂತಲೇ ಮೊದಲ ಮನೆ ಕೊಂಡಾಗ ನಾನು ಮಾಡಿದ ಲೆಕ್ಕ ಒಂದೇ ಸಾಲಿನದು. ತಿಂಗಳ ಬಾಡಿಗೆಯನ್ನು 12ರಿಂದ ಗುಣಿಸು, ಸಾಲದ ಕಂತು ಕಳೆ, ಉಳಿದದ್ದು ನನ್ನದು. ಆ ಚೀಟಿ ಈಗಲೂ ಇದೆ, ನೋಡಿದಾಗೆಲ್ಲ ನಗು ಬರುತ್ತದೆ. ಈಗ ಎರಡು ಮನೆ ಇವೆ, 9 ವರ್ಷದ ಲೆಕ್ಕದ ಪುಸ್ತಕವೂ ಇದೆ. 12 ತಿಂಗಳ ಬಾಡಿಗೆ ಪೂರ್ತಿ ಕೈಯಲ್ಲಿ ಉಳಿದ ವರ್ಷ ಅದರಲ್ಲಿ ಒಂದೂ ಇಲ್ಲ.

ನನ್ನ ಸರಾಸರಿ ಹೀಗಿದೆ. ಮನೆ ಖಾಲಿ ಬಿದ್ದದ್ದಕ್ಕೆ ವರ್ಷಕ್ಕೆ ಸುಮಾರು 1 ತಿಂಗಳ ಬಾಡಿಗೆ ಹೋಯಿತು, ರಿಪೇರಿ ಮತ್ತು ಪೇಂಟಿಂಗ್‌ಗೆ ಒಂದೂವರೆ, ತೆರಿಗೆ, ವಿಮೆ, ಮೇಂಟೆನೆನ್ಸ್ ಎಲ್ಲ ಸೇರಿ ಇನ್ನೊಂದು. ಉಳಿದದ್ದು ಎಂಟೂವರೆ. ಹಾಗಾಗಿ ಮೂರನೇ ಮನೆ ನೋಡಲು ಹೋದಾಗ 8 ಬಾಡಿಗೆ ಹಿಡಿದೇ ಲೆಕ್ಕ ಹಾಕಿದೆ. ಕಂತಿಗೆ ಸಾಲಲಿಲ್ಲ, ಉಳಿದದ್ದು ಪ್ರತಿ ತಿಂಗಳು ಸಂಬಳದಿಂದ ಹೋಗಬೇಕಿತ್ತು. ಬಿಟ್ಟುಬಂದೆ. ಬ್ರೋಕರ್‌ಗೆ ಸ್ವಲ್ಪ ಬೇಜಾರಾಯಿತು.

ಖಾಲಿ ಮನೆಯ ಪಾಠವನ್ನು ನಾನು ದುಬಾರಿಯಾಗಿಯೇ ಕಲಿತೆ. ಮೊದಲ ಬಾಡಿಗೆದಾರರು ಹೊರಟಾಗ ಪಕ್ಕದ ಮನೆಗೆ ಜಾಸ್ತಿ ಬಾಡಿಗೆ ಬರುತ್ತಿದೆ ಅಂತ ಕೇಳಿ ನಾನೂ ಶೇಕಡಾ 10 ಏರಿಸಿ ಕುಳಿತೆ, ಬಂದವರೆಲ್ಲ ನೋಡಿ ಹೋದರು, ಹಳೆಯ ಬಾಡಿಗೆಗೆ ಕೊಡಿ ಅಂದವರನ್ನು ನಾನೇ ಕಳಿಸಿದೆ, ಹಾಗೇ 2 ತಿಂಗಳು ಕಳೆಯಿತು. ಕೊನೆಗೆ ಕೇಳಿದಷ್ಟೇ ಕೊಡುವವರು ಸಿಕ್ಕಾಗ ಗೆದ್ದೆ ಅಂದುಕೊಂಡೆ. ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯಿತು. ತಿಂಗಳಿಗೆ ಶೇಕಡಾ 10 ಜಾಸ್ತಿ ಬಂದರೆ 2 ತಿಂಗಳ ನಷ್ಟ ತುಂಬಲು 20 ತಿಂಗಳು ಬೇಕು. ಅವರು 14 ತಿಂಗಳಿಗೇ ಖಾಲಿ ಮಾಡಿದರು!

ಅದಾದ ಮೇಲೆ ಒಳ್ಳೆಯ ಬಾಡಿಗೆದಾರರನ್ನು ಸುಲಭಕ್ಕೆ ಬಿಡುವುದಿಲ್ಲ. ಬಾಡಿಗೆ ಏರಿಸುವುದೇ ಇಲ್ಲ ಅಂತಲ್ಲ. ನಾಲ್ಕು ವರ್ಷ ಸುಮ್ನೆ ಇದ್ದು ಐದನೇ ವರ್ಷ ಒಂದೇ ಸಲ ಜೋರಾಗಿ ಏರಿಸಿದರೆ ಅವರು ಬೇರೆ ಮನೆ ಹುಡುಕಲು ಶುರು ಮಾಡುತ್ತಾರೆ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರಿಸಿ 2 ತಿಂಗಳು ಮೊದಲೇ ಹೇಳಿದರೆ ಯಾರೂ ಗೊಣಗುವುದಿಲ್ಲ. ಎಷ್ಟು ಏರುತ್ತದೆ ಅಂತ ಕರಾರು ಪತ್ರದಲ್ಲೇ ಬರೆದಿರುತ್ತೇನೆ.

ಖಾಲಿ ಬೀಳುತ್ತದೆ ಅನ್ನುವ ಭಯಕ್ಕೆ ಯಾರಿಗೋ ಕೊಟ್ಟುಬಿಡುವುದು ಇದಕ್ಕಿಂತ ದೊಡ್ಡ ತಪ್ಪು. ಅದನ್ನೂ ಮಾಡಿದ್ದೇನೆ. ಒಬ್ಬರು ಸಂಜೆ ಬಂದು ಮನೆ ನೋಡಿ, ಅಡ್ವಾನ್ಸ್ ಈಗಲೇ ಕೊಡುತ್ತೇನೆ, ನಾಳೆಯೇ ಸಾಮಾನು ತರುತ್ತೇನೆ ಅಂದರು. ಅಷ್ಟು ಅವಸರ ಯಾಕೆ ಅಂತ ನಾನು ಕೇಳಬೇಕಿತ್ತು, ಅಲ್ವಾ? ಮೂರು ತಿಂಗಳು ಸರಿಯಾಗಿ ಬಾಡಿಗೆ ಬಂತು, ಆಮೇಲೆ ಬರೀ ಕಥೆಗಳು ಬಂದವು. ಮನೆ ಬಿಡಿಸಿಕೊಳ್ಳುವ ಹೊತ್ತಿಗೆ ಅಡ್ವಾನ್ಸ್ ಎಲ್ಲ ಬಾಕಿಗೇ ಸರಿಹೋಯಿತು.

ಈಗ ಎರಡು ಕೆಲಸ ಮಾಡದೆ ಕೀಲಿ ಕೊಡುವುದಿಲ್ಲ. ಬಾಡಿಗೆ ಅವರ ಆದಾಯದ ಮೂರನೇ ಒಂದು ಭಾಗದ ಒಳಗೆ ಇದೆಯಾ ನೋಡುತ್ತೇನೆ. ಮತ್ತೆ ಹಳೆಯ ಮನೆ ಮಾಲೀಕರಿಗೆ ಫೋನ್ ಮಾಡುತ್ತೇನೆ. ಈಗ ಇರುವ ಮನೆಯ ಮಾಲೀಕರು ಹೇಳುವುದನ್ನು ಪೂರ್ತಿ ನಂಬುವುದಿಲ್ಲ, ಕಾಟ ಕೊಡುವವರು ತೊಲಗಿದರೆ ಸಾಕು ಅಂತ ಹೊಗಳಿಬಿಡಬಹುದು. ಅದಕ್ಕೂ ಹಿಂದಿನ ಮನೆಯವರಿಗೆ ಆ ದರ್ದು ಇರುವುದಿಲ್ಲ. ಕೇಳುವ ಪ್ರಶ್ನೆ ಒಂದೇ: ‘ಅವರು ಮತ್ತೆ ಬಂದು ಕೇಳಿದರೆ ಮನೆ ಕೊಡುತ್ತೀರಾ?’ ಥಟ್ ಅಂತ ‘ಕೊಡ್ತೀನಿ’ ಅಂದರೆ ಸರಿ. ಸ್ವಲ್ಪ ತಡೆದು ‘ಹಾಂ... ಪರವಾಗಿಲ್ಲ’ ಅಂದರೆ ನನಗೆ ಉತ್ತರ ಸಿಕ್ಕಿತು. ಮದುವೆ ಆಗಿದೆಯಾ, ಯಾವ ಧರ್ಮ ಅಂತೆಲ್ಲ ವಿಚಾರಿಸುವ ಮಾಲೀಕರಿದ್ದಾರೆ. ಅದಕ್ಕೂ ಹೊತ್ತಿಗೆ ಸರಿಯಾಗಿ ಬಾಡಿಗೆ ಕಟ್ಟುವುದಕ್ಕೂ ಸಂಬಂಧ ಇರುವುದನ್ನು ನಾನಂತೂ ಕಂಡಿಲ್ಲ.

ಅಡ್ವಾನ್ಸ್ ವಿಷಯಕ್ಕೆ ಬಂದರೆ, ಅದು ನಮ್ಮ ದುಡ್ಡಲ್ಲ. ಮೊದಲ ಸಲ ಅದನ್ನು ಪೇಂಟಿಂಗ್‌ಗೆ, ಹೊಸ ಗೀಸರ್‌ಗೆ ಖರ್ಚು ಮಾಡಿಬಿಟ್ಟೆ. ಬಾಡಿಗೆದಾರರು ಹೊರಟಾಗ ವಾಪಸ್ ಕೊಡಲು ಕೈಸಾಲ ಮಾಡಬೇಕಾಯಿತು, ನಾಚಿಕೆಯ ವಿಷಯ. ಈಗ ಬೇರೆ ಖಾತೆಯಲ್ಲಿ ಇಟ್ಟು ಮುಟ್ಟುವುದಿಲ್ಲ. ಕೀಲಿ ಕೊಡುವ ದಿನ ಇಬ್ಬರೂ ಸೇರಿ ಮನೆ ಸುತ್ತುತ್ತೇವೆ, ಪ್ರತಿ ಗೋಡೆ, ಸಿಂಕ್, ಬಾಗಿಲಿನ ಫೋಟೋ, ಕರೆಂಟ್ ಮೀಟರ್ ರೀಡಿಂಗ್, ಕೀಲಿ ಎಷ್ಟು ಅನ್ನುವ ಲೆಕ್ಕ ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಹೋಗುವ ದಿನ ಅದೇ ಹಾಳೆ ಹಿಡಿದು ಸುತ್ತಿದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ನನಗೆ ಅತಿ ಹೆಚ್ಚು ಖರ್ಚು ತಂದದ್ದು ಮಾತ್ರ ಒಂದು ಸೋರುವ ಪೈಪು. ಬಾತ್‌ರೂಮಿನ ಗೋಡೆಯೊಳಗೆ ಒಂದು ಜಾಯಿಂಟ್ ತೊಟ್ಟಿಕ್ಕುತ್ತಿತ್ತು. ಸೆಕೆಂಡಿಗೆ ಒಂದು ಹನಿ ಅಂದರೆ ಏನು ಮಹಾ ಅನ್ನಿಸುತ್ತದೆ, ಆದರೆ ಅದು ದಿನಕ್ಕೆ 20 ಲೀಟರಿನಷ್ಟಾಗುತ್ತದೆ. ಹೊರಗೆ ಕಂಡಿದ್ದು ಬೆಡ್‌ರೂಮಿನ ಗೋಡೆಯಲ್ಲಿ ಒಂದು ಸಣ್ಣ ಕಲೆ. ನನಗೆ ಗೊತ್ತಾಗುವ ಹೊತ್ತಿಗೆ ಪ್ಲಾಸ್ಟರ್ ಉದುರಿ, ವಾರ್ಡ್‌ರೋಬ್‌ನ ಹಿಂದಿನ ಹಲಗೆ ಉಬ್ಬಿತ್ತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಬಾಡಿಗೆದಾರರ ಮೇಲೆ ರೇಗಿದೆ. ಅವರು ಮೆಲ್ಲಗೆ, ‘ಹೋದ ಸಲ ನಲ್ಲಿಗೆ ಫೋನ್ ಮಾಡಿದ್ದಕ್ಕೇ ನೀವು ಸಿಟ್ಟಾಗಿದ್ರಿ ಸರ್’ ಅಂದರು. ನಿಜ. ಒಂದು ವಾಷರ್‌ಗೆಲ್ಲ ಫೋನ್ ಮಾಡುತ್ತೀರಲ್ಲ ಅಂತ ಗೊಣಗಿದ್ದೆ. ಆ ಗೊಣಗಾಟದ ಬೆಲೆ ಎರಡು ಬಾಡಿಗೆಗಿಂತ ಜಾಸ್ತಿ ಆಯಿತು.

ಈಗ ಒದ್ದೆ ಕಂಡರೆ, ವಾಸನೆ ಬಂದರೆ, ಸ್ವಿಚ್ ಬಿಸಿಯಾದರೆ ಆ ದಿನವೇ ಮೆಸೇಜ್ ಹಾಕಿ ಅಂತ ಕೀಲಿ ಕೊಡುವಾಗಲೇ ಹೇಳುತ್ತೇನೆ, ಮೆಸೇಜ್ ಬಂದರೆ ಅವತ್ತೇ ಉತ್ತರ ಕೊಡುತ್ತೇನೆ. ಪ್ಲಂಬರ್‌ನ ನಂಬರನ್ನೂ ಕೊಟ್ಟಿರುತ್ತೇನೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಬಾತ್‌ರೂಮಿನ ನೀರು ಹೋಗುವ ಕಿಂಡಿ ಮುಚ್ಚಿ, ಬಾಗಿಲಿಗೆ ಸಣ್ಣ ಕಟ್ಟೆ ಹಾಕಿ ಎರಡು ಬೆರಳು ನೀರು ನಿಲ್ಲಿಸಿ 24 ಗಂಟೆ ಬಿಡುತ್ತೇನೆ. ಮರುದಿನ ಕೆಳಗಿನ ಮನೆಯ ಸೀಲಿಂಗ್ ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಕರೆಂಟ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದೇನೆ, ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಅದರಲ್ಲಿ ಟೆಸ್ಟ್ ಬಟನ್ ಇರುತ್ತದೆ, ಒತ್ತಿದರೆ ಟ್ರಿಪ್ ಆಗಬೇಕು, ಆಗದಿದ್ದರೆ ಬದಲಿಸಬೇಕು. ಇದರಲ್ಲಿ ಮಾತ್ರ ನಾನು ಉಳಿತಾಯ ನೋಡುವುದಿಲ್ಲ.

ಎರಡನೇ ಮನೆ ಬರುವ ತಿಂಗಳು ಖಾಲಿಯಾಗುತ್ತಿದೆ. ಹಳೆಯ ಬಾಡಿಗೆಯನ್ನೇ ಇಡೋಣ ಅಂತ ನಾನು, ಶೇಕಡಾ 5 ಏರಿಸು ಅಂತ ಹೆಂಡತಿ. ಅದಕ್ಕಾಗಿ ಒಂದು ತಿಂಗಳು ಖಾಲಿ ಬಿದ್ದರೂ ತುಂಬಿಕೊಳ್ಳಲು 20 ತಿಂಗಳು ಬೇಕು ಅಂತ ಪುಸ್ತಕ ತೆರೆದು ತೋರಿಸಿದೆ. ‘ಇನ್ನೂ ಒಂದು ತಿಂಗಳು ಅವರೇ ಇರ್ತಾರಲ್ಲ, ಈಗಲೇ 5 ಜಾಸ್ತಿ ಮಾಡಿ ಜಾಹೀರಾತು ಹಾಕು. ಎರಡು ವಾರದಲ್ಲಿ ಯಾರೂ ಫೋನ್ ಮಾಡದಿದ್ರೆ ಇಳಿಸು’ ಅಂದಳು. ನಿನ್ನೆ ಹಾಕಿದ್ದೇನೆ. ಇವತ್ತು ಬೆಳಗ್ಗೆಯಿಂದ ಮೂರು ಫೋನ್ ಬಂದಿವೆ.