ಕ್ಯೂಆರ್ ಫಲಕದ ಹಿಂದಿನ ಲೆಕ್ಕ: ಸಣ್ಣ ಅಂಗಡಿಯನ್ನು ಡಿಜಿಟಲ್ ತೆರಿಗೆ ವರದಿಗೆ ಸಜ್ಜುಗೊಳಿಸುವ ಬಗೆ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮತ್ತು ಚಹಾ ಅಂಗಡಿಗಳ ಮಾಲೀಕರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. 2021-22ರಿಂದ ಯುಪಿಐ ಮೂಲಕ ಅವರ ಖಾತೆಗೆ ಜಮೆಯಾದ ಮೊತ್ತವೇ ಆ ನೋಟಿಸುಗಳಿಗೆ ಆಧಾರವಾಗಿತ್ತು. ಅನೇಕರು ಗಾಬರಿಯಿಂದ ಕ್ಯೂಆರ್ ಫಲಕವನ್ನು ತೆಗೆದು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಜಿಎಸ್‌ಟಿ ಅನ್ವಯವಾಗುವುದು ವಹಿವಾಟಿಗೇ ಹೊರತು ಹಣ ಬಂದ ದಾರಿಗಲ್ಲ. ಮೇಲಾಗಿ, ಆದಾಯ ತೆರಿಗೆಯ ಊಹಾ ಆದಾಯ ಪದ್ಧತಿಯಲ್ಲಿ ನಗದು ವಹಿವಾಟಿನ ಶೇ 8ರಷ್ಟನ್ನು ಲಾಭವೆಂದು ಪರಿಗಣಿಸಿದರೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಆ ಪ್ರಮಾಣ ಶೇ 6 ಮಾತ್ರ. ಅಂದು ಬಹಳಷ್ಟು ಅಂಗಡಿಗಳಲ್ಲಿ ಇಲ್ಲದೇ ಹೋದದ್ದು, ಖಾತೆಗೆ ಬಂದ ಯಾವ ಹಣ ಯಾವುದಕ್ಕಾಗಿ ಬಂತು ಎಂದು ತೋರಿಸಬಲ್ಲ ದಾಖಲೆ. ಆದ್ದರಿಂದ ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಮೊದಲು ಸಿದ್ಧತೆ ಅಲ್ಲಿಂದಲೇ ಆರಂಭವಾಗಬೇಕು.

ಹನುಮಂತನಗರದ ಒಂದು ಕಾಂಡಿಮೆಂಟ್ಸ್ ಅಂಗಡಿಯ ಕ್ಯೂಆರ್ ಮಾಲೀಕರ ಉಳಿತಾಯ ಖಾತೆಗೇ ಜೋಡಣೆಯಾಗಿದ್ದು, ಒಂದು ದಿನ ಅದಕ್ಕೆ 14,600 ರೂಪಾಯಿ ಬಂದಿದೆ ಎಂದುಕೊಳ್ಳೋಣ. ಅದರಲ್ಲಿ 5,200 ರೂಪಾಯಿ ತೆರಿಗೆ ವಿನಾಯಿತಿ ಇರುವ ಹಾಲು, ಬ್ರೆಡ್ ಮತ್ತು ತರಕಾರಿಯದು. 5,900 ರೂಪಾಯಿ ಬಿಸ್ಕತ್ತು, ಕೇಕ್, ಮಿಕ್ಸ್ಚರ್‌ನದು. 1,000 ರೂಪಾಯಿ ತಂಪು ಪಾನೀಯದ್ದು. ಇನ್ನು 2,000 ರೂಪಾಯಿ ಸಂಬಂಧಿಕರು ಕಳಿಸಿದ ಚೀಟಿ ಹಣ, 500 ರೂಪಾಯಿ ಪಕ್ಕದ ಅಂಗಡಿಯವರು ಸ್ಕ್ಯಾನ್ ಮಾಡಿ ನಗದು ಪಡೆದದ್ದು. ಮಾರಾಟ ನಿಜವಾಗಿ 12,100 ರೂಪಾಯಿ, ತೆರಿಗೆಗೆ ಒಳಪಡುವುದು 6,900 ರೂಪಾಯಿ ಮಾತ್ರ. ಆದರೆ ಹೊರಗಿನಿಂದ ನೋಡುವವರಿಗೆ ಕಾಣುವುದು 14,600. ಇದನ್ನು ತಪ್ಪಿಸಲು ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ವ್ಯಾಪಾರಿಗಳಿಗೆ ಕೊಡುವ ಕ್ಯೂಆರ್ ಅನ್ನು ಅದಕ್ಕೆ ಮಾತ್ರ ಜೋಡಿಸಬೇಕು ಮತ್ತು ಮನೆಯ ಹಣ, ಕೈಸಾಲ, ಚೀಟಿ ಯಾವುದೂ ಆ ಖಾತೆಗೆ ಬರದಂತೆ ನೋಡಿಕೊಳ್ಳಬೇಕು. ಪ್ರತಿ ಹಾಲಿನ ಪ್ಯಾಕೆಟ್ಟಿಗೂ ಬಿಲ್ ಮಾಡುವುದು ಬೆಳಗಿನ ಜಂಗುಳಿಯಲ್ಲಿ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ: ಬಂದ ಟ್ರೇಗಳ ಲೆಕ್ಕದಿಂದ ಉಳಿದ ಪ್ಯಾಕೆಟ್ಟುಗಳನ್ನು ಕಳೆದರೆ ಆ ದಿನದ ಹಾಲಿನ ಮಾರಾಟ ಸಿಗುತ್ತದೆ, ಪೂರೈಕೆಯ ಚೀಟಿಯೇ ಅದಕ್ಕೆ ಪುರಾವೆಯಾಗುತ್ತದೆ. ಜಿಎಸ್‌ಟಿಯಲ್ಲಿ ನೋಂದಾಯಿತ ಅಂಗಡಿಯವರಿಗೂ, ನೋಂದಣಿ ಇಲ್ಲದ ಗ್ರಾಹಕರು ಬಿಲ್ ಕೇಳದಿದ್ದಲ್ಲಿ 200 ರೂಪಾಯಿಗಿಂತ ಕಡಿಮೆ ಮೌಲ್ಯದ ಮಾರಾಟಗಳಿಗೆ ದಿನದ ಕೊನೆಯಲ್ಲಿ ಒಟ್ಟಾಗಿ ಒಂದೇ ಬಿಲ್ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿಯನ್ನು ಎಚ್ಚರದಿಂದ ಲೆಕ್ಕ ಹಾಕಬೇಕು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ಮಿತಿ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ. ಹೋಟೆಲಿನಲ್ಲಿ ತಿಂಡಿ, ಚಹಾ ಕೊಡುವುದು ಸೇವೆಯ ಲೆಕ್ಕಕ್ಕೆ ಸೇರುವುದರಿಂದ, ಬೇಕರಿಯ ಜೊತೆಗೆ ಚಹಾ ಕೌಂಟರ್ ನಡೆಸುವವರು 40 ಲಕ್ಷದ ಮಿತಿ ತಮಗೆ ಅನ್ವಯಿಸುತ್ತದೆ ಎಂದು ನಂಬಿ ಕೂರಬಾರದು. ಒಟ್ಟು ವಹಿವಾಟಿನಲ್ಲಿ ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ವಸ್ತುಗಳ ಮಾರಾಟವೂ ಸೇರುತ್ತದೆ. ಅಂತಹ ವಸ್ತುಗಳನ್ನು ಮಾತ್ರವೇ ಮಾರುವವರಿಗಾದರೆ ನೋಂದಣಿಯೇ ಬೇಕಿಲ್ಲ. ಮಿತಿ ದಾಟಿದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಪ್ಯಾನ್, ಆಧಾರ್, ಬಾಡಿಗೆ ಕರಾರು, ಬೆಸ್ಕಾಂ ಬಿಲ್ ಮತ್ತು ಬ್ಯಾಂಕ್ ವಿವರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು; ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ.

ಬಿಡಿ ಗ್ರಾಹಕರನ್ನೇ ನಂಬಿರುವ ಅಂಗಡಿಗೆ, ನನ್ನ ಅಭಿಪ್ರಾಯದಲ್ಲಿ, ಕಾಂಪೊಸಿಷನ್ ಅಥವಾ ರಾಜಿ ತೆರಿಗೆ ಪದ್ಧತಿಯೇ ಹೆಚ್ಚು ಹೊಂದುತ್ತದೆ. 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಇದು ಲಭ್ಯವಿದ್ದು, ವ್ಯಾಪಾರಿಗಳಿಗೆ ಶೇ 1, ಹೋಟೆಲಿನವರಿಗೆ ಶೇ 5 ತೆರಿಗೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ನಮೂನೆಯಲ್ಲಿ ತೆರಿಗೆ ಕಟ್ಟಿ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ಸಲ್ಲಿಸಿದರೆ ಸಾಕು. ಆದರೆ ಈ ಪದ್ಧತಿಯಲ್ಲಿ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆಯೂ (ಅದನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರಿಗೆ ಅಥವಾ ಚಿಕ್ಕಪೇಟೆಯ ಸಗಟು ವ್ಯಾಪಾರಿಗಳಿಗೆ ಸಾಮಾನ್ಯ ನೋಂದಣಿಯೇ ಸರಿ, ಏಕೆಂದರೆ ಅವರ ಗ್ರಾಹಕರು ತಮ್ಮ ಖರೀದಿಗೆ ಅಂತಹ ಜಮೆಯನ್ನು ಕೇಳಿಯೇ ಕೇಳುತ್ತಾರೆ.

ಸಾಮಾನ್ಯ ನೋಂದಣಿಯವರು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸರಕುಗಳ ಪಟ್ಟಿ ತುಂಬುವಾಗ ಪ್ರತಿ ವಸ್ತುವಿನ ಎಚ್‌ಎಸ್‌ಎನ್ ಸಂಖ್ಯೆ (ಸರಕಿನ ವರ್ಗವನ್ನು ಗುರುತಿಸುವ ಸಂಕೇತ) ಮತ್ತು ತೆರಿಗೆ ದರವನ್ನು ತಾವೇ ಒಮ್ಮೆ ಕುಳಿತು ಪರಿಶೀಲಿಸಬೇಕು. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿದ್ದು, ಬಿಸ್ಕತ್ತು ಮತ್ತು ಕೇಕ್ ಶೇ 18ರಿಂದ ಶೇ 5ಕ್ಕೆ ಇಳಿದಿವೆ. ಹಳೆಯ ದರ ಉಳಿದಿದ್ದರೆ ಪ್ರತಿ ಬಿಲ್ಲಿನಲ್ಲೂ ಅದೇ ತಪ್ಪು ಮರುಕಳಿಸುತ್ತದೆ. ವಹಿವಾಟು 1.5 ಕೋಟಿಯೊಳಗಿದ್ದರೆ ಜಿಎಸ್‌ಟಿ ಪೋರ್ಟಲ್ ಮೂಲಕ ಉಚಿತ ಬಿಲ್ಲಿಂಗ್ ಸಾಫ್ಟ್‌ವೇರ್ ದೊರೆಯುತ್ತದೆ. ವಹಿವಾಟು 5 ಕೋಟಿ ದಾಟಿದವರು ನೋಂದಾಯಿತ ಗ್ರಾಹಕರಿಗೆ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಾಗುವ ವಿದ್ಯುನ್ಮಾನ ಬಿಲ್) ನೀಡುವುದು 2023ರ ಆಗಸ್ಟ್‌ನಿಂದ ಕಡ್ಡಾಯವಾಗಿದೆ.

ಮಾಸಿಕ ರಿಟರ್ನ್ ಸಲ್ಲಿಸುವವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ಕೊಟ್ಟು, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಈ ಎರಡರ ನಡುವೆ, ಪೂರೈಕೆದಾರರು ತೋರಿಸಿದ ಬಿಲ್ಲುಗಳಿಂದ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯನ್ನು ಖರೀದಿ ಬಿಲ್ಲುಗಳೊಂದಿಗೆ ಒಂದೊಂದಾಗಿ ತಾಳೆ ನೋಡುವ ಕೆಲಸವನ್ನು ಎಂದಿಗೂ ಬಿಡಬಾರದು. ಪೂರೈಕೆದಾರರು ತಮ್ಮ ರಿಟರ್ನ್‌ನಲ್ಲಿ ತೋರಿಸದ ಬಿಲ್ಲಿನ ತೆರಿಗೆ ನಮಗೆ ಜಮೆಯಾಗಿ ಸಿಗುವುದಿಲ್ಲ. ಬಿಟ್ಟುಹೋದ ಬಿಲ್ಲಿಗಾಗಿ ಅವರಿಗೆ ಅಂದೇ ಫೋನ್ ಮಾಡುವುದು ಆರು ತಿಂಗಳ ನಂತರ ಹುಡುಕಾಡುವುದಕ್ಕಿಂತ ಎಷ್ಟೋ ಸುಲಭ. ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿಯಂತೆ, ವಹಿವಾಟೇ ಇಲ್ಲದಿದ್ದರೂ 20 ರೂಪಾಯಿಯಂತೆ ವಿಳಂಬ ಶುಲ್ಕ ಬೀಳುತ್ತದೆ, ಬಾಕಿ ತೆರಿಗೆಗೆ ವಾರ್ಷಿಕ ಶೇ 18ರ ಬಡ್ಡಿಯೂ ಸೇರುತ್ತದೆ.

ರಿಟರ್ನ್ ಸಲ್ಲಿಸುವ ಕೆಲಸವನ್ನು ಆಡಿಟರಿಗೆ ಒಪ್ಪಿಸಿದವರೂ ಪೋರ್ಟಲ್‌ನಲ್ಲಿ ತಮ್ಮದೇ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸ ನಮೂದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎಷ್ಟೋ ಕಡೆ ಅಲ್ಲಿರುವುದು ಆಡಿಟರ ಕಚೇರಿಯ ಸಂಖ್ಯೆ. ಆಗ ಓಟಿಪಿಯಷ್ಟೇ ಅಲ್ಲ, ನೋಟಿಸಿನ ಸೂಚನೆಯೂ ಅಲ್ಲಿಗೇ ಹೋಗಿ, ಉತ್ತರಿಸಬೇಕಾದ ಗಡುವು ಮಾಲೀಕರಿಗೆ ತಿಳಿಯುವ ಮೊದಲೇ ಮುಗಿದಿರುತ್ತದೆ. ಬಿಲ್ಲುಗಳು, ಬ್ಯಾಂಕ್ ವಿವರ, ದಿನದ ಪುಸ್ತಕ ಮತ್ತು ಸಲ್ಲಿಸಿದ ರಿಟರ್ನ್‌ಗಳ ಪ್ರತಿಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಬಿಸಿಲು ತಾಗಿದರೆ ಥರ್ಮಲ್ ಕಾಗದದ ಅಕ್ಷರಗಳು ಮಾಸಿಹೋಗುವುದರಿಂದ, ಅಂತಹ ಖರೀದಿ ಬಿಲ್ಲುಗಳನ್ನು ಬಂದ ದಿನವೇ ಫೋಟೊ ತೆಗೆದು ತಿಂಗಳವಾರು ಫೋಲ್ಡರಿನಲ್ಲಿ ಹಾಕಿಡಬೇಕು.