ಓಟ ಬಿಡದೆ ಹಿಮ್ಮಡಿ ನೋವು ಸರಿಮಾಡಿಕೊಂಡೆ

ನಮ್ಮ ಮನೆ ಮಲ್ಪೆಯಲ್ಲಿ. ಕೆಲಸದ ಸಲುವಾಗಿ ವಾರಕ್ಕೆ ಎರಡು ರಾತ್ರಿ ಬೆಂಗಳೂರು ಬಸ್ಸು. ಶಿರಾಡಿ ಘಾಟಿಯಲ್ಲಿ ಕುಲುಕಿಸಿಕೊಂಡು ಬಂದ ದಿನ ಓಡುವ ಮಾತೇ ಇಲ್ಲ. ತಪ್ಪಿದ ಕಿಲೋಮೀಟರುಗಳನ್ನೆಲ್ಲ ಭಾನುವಾರ ಒಂದೇ ಸಲ ಓಡಿ ಲೆಕ್ಕ ಸರಿಮಾಡುತ್ತಿದ್ದೆ. ಬಲಗಾಲಿನ ಅಕಿಲೀಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ಪಟ್ಟಿ, ಊದಿಕೊಂಡಿತು. ಬೆಳಿಗ್ಗೆ ಮಂಚದಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಕುಂಟು.

ಶೂ ಬದಲಿಸಿದೆ. ದುಡ್ಡು ಹೋಯಿತು, ನೋವು ಹೋಗಲಿಲ್ಲ.

ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು, "ಎಲ್ಲಿ ಓಡ್ತೀರಿ?" ಪಡುಕೆರೆಯಿಂದ ಮರಳಿನ ಮೇಲೆ ದಕ್ಷಿಣಕ್ಕೆ, ವಾಪಸು ಬಸ್ಸಲ್ಲಿ ಎಂದೆ. ಹೇಳುವಾಗಲೇ ಹೊಳೆಯಿತು. ಸಮುದ್ರ ಯಾವಾಗಲೂ ಬಲಕ್ಕೆ, ಮರಳು ಅತ್ತ ಇಳಿಜಾರು. ಎರಡು ಕಾಲಿಗೆ ಒಂದೇ ಥರ ಭಾರ ಬೀಳುವುದಾದರೂ ಹೇಗೆ, ಅಲ್ವಾ? ಒಣ ಮರಳಲ್ಲಂತೂ ಹಿಮ್ಮಡಿ ಹೂತು ಟೆಂಡನ್ ಇನ್ನೂ ಜಾಸ್ತಿ ಎಳೆಯುತ್ತದೆ.

ಮರಳು ಬಿಟ್ಟೆ. ಮೆಟ್ಟಿಲಿನ ಅಂಚಿನಲ್ಲಿ ಎರಡೂ ಕಾಲಿನ ತುದಿಯ ಮೇಲೆ ಎದ್ದು, ನೋವಿನ ಕಾಲೊಂದರ ಮೇಲೆ ನಿಧಾನವಾಗಿ ಹಿಮ್ಮಡಿ ಇಳಿಸುವುದು. 15ರಂತೆ 3 ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಬೇಜಾರಿನ ಕೆಲಸ. ಆದರೆ ಬೇಕಾದದ್ದು ಮೆಟ್ಟಿಲು ಮಾತ್ರ, ಬೆಂಗಳೂರಿನ ಲಾಡ್ಜಲ್ಲೂ ನಡೆಯಿತು. ದಮ್ಮು ಇಳಿಯದಿರಲಿ ಎಂದು ಊರಲ್ಲಿದ್ದ ದಿನ 40 ನಿಮಿಷ ಸೈಕಲ್, ಮಾತಾಡಲು ಆಗುವಷ್ಟೇ ವೇಗ.

ಈಗ ವಾರಕ್ಕೆ 3 ಓಟ. ತಪ್ಪಿದ್ದು ತಪ್ಪಿತು, ಭಾನುವಾರಕ್ಕೆ ಸೇರಿಸುವುದಿಲ್ಲ. ಕಡಲತೀರಕ್ಕೆ ಹೋದರೆ ಇಳಿತದ ಹೊತ್ತಿಗೆ, ಗಟ್ಟಿ ಒದ್ದೆ ಮರಳಲ್ಲಿ. ಹೋದ ದಾರಿಯಲ್ಲೇ ಓಡಿ ವಾಪಸು. ಉಳಿದ ಬಸ್ಸಿನ ದುಡ್ಡು ಗೋಳಿಬಜೆಗೆ.